ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲ್: ಮೆಟ್ಟಿಲು ಹತ್ತಿದ ಮೇಲೆ

ಪಾರ್ಕ್ ಸ್ಟ್ರೀಟಿನ ಈ ಬದಿಯ ಕಾಲುದಾರಿಯಲ್ಲಿ ನಿಂತರೆ ಕಟ್ಟಡ ಒಂದೇ ನೋಟಕ್ಕೆ ಸಿಗುವುದಿಲ್ಲ. ಎಡತುದಿಯಿಂದ ಬಲತುದಿಯವರೆಗೆ ಕತ್ತು ಹೊರಳಿಸಬೇಕು. ಎರಡು ಬ್ಲಾಕುಗಳಷ್ಟು ಉದ್ದಕ್ಕೆ ಹಬ್ಬಿದ ತಿಳಿಗಂದು ಇಟ್ಟಿಗೆಯ ಗೋಡೆ, ನಡುವೆ ಐದಂತಸ್ತಿನ ಎತ್ತರ, ಎರಡೂ ಕಡೆಯಿಂದ ಏರಿಬಂದು ಮುಖ್ಯದ್ವಾರದಲ್ಲಿ ಕೂಡುವ ಮೆಟ್ಟಿಲ ಸಾಲು, ಅದರ ಮುಂದೆ ಒಂದು ಕೊಳ. ಅರಮನೆಯೆಂದೋ ವಿಧಾನಸಭೆಯೆಂದೋ ತಿಳಿದರೆ ತಪ್ಪಿಲ್ಲ. ಆದರೆ ಇದು ಸರ್ಕಾರಿ ಹೈಸ್ಕೂಲು. ಅಮೆರಿಕದ ದಕ್ಷಿಣಕ್ಕಿರುವ ಆರ್ಕನ್ಸಾ ರಾಜ್ಯದ ರಾಜಧಾನಿ ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲು. ಇಂದಿಗೂ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಇಲ್ಲಿ ಓದುತ್ತಿದ್ದಾರೆ.

1998ರಲ್ಲಿ ಈ ಜಾಗವನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿದರು. ಹಾಗಾಗಿ ಇಲ್ಲಿ ಎರಡು ಆಡಳಿತಗಳು ಕೂಡಿ ಬಾಳುತ್ತವೆ. ಶಾಲೆ ನಗರದ ಶಿಕ್ಷಣ ಮಂಡಳಿಯದು. ರಸ್ತೆಯಾಚೆಯ ಮಾಹಿತಿ ಕೇಂದ್ರ, ಹಳೆಯ ಪೆಟ್ರೋಲ್ ಬಂಕು, ನೆನಪಿನ ತೋಟ ನ್ಯಾಷನಲ್ ಪಾರ್ಕ್ ಸರ್ವಿಸ್‌ನದು. ಮೊದಲೇ ಹೆಸರು ಕೊಟ್ಟರೆ ರೇಂಜರುಗಳು ಶಾಲೆಯೊಳಗೂ ಕರೆದೊಯ್ಯುತ್ತಾರೆ. ನಮ್ಮಷ್ಟಕ್ಕೆ ನಾವೇ ಒಳಗೆ ಹೋಗುವಂತಿಲ್ಲ. ಪಾಠ ನಡೆಯುತ್ತಿರುತ್ತದೆ, ಮಕ್ಕಳಿರುತ್ತಾರೆ. ಈ ನಿಯಮ ನನಗೆ ತುಂಬ ಹಿಡಿಸಿತು. ಚರಿತ್ರೆ ನೋಡಲು ಬಂದವರಿಗಿಂತ ಗಣಿತ ಕಲಿಯಲು ಬಂದವರು ಮುಖ್ಯ ಎಂದು ಒಂದು ಸ್ಮಾರಕ ತೀರ್ಮಾನಿಸಿರುವುದು ನಾನು ಕಂಡಂತೆ ಅಪರೂಪ.

ಬರುವವರೆಲ್ಲ ಸಾಮಾನ್ಯವಾಗಿ ಒಂದು ಫೋಟೊ ನೆನಪಿಟ್ಟುಕೊಂಡು ಬರುತ್ತಾರೆ: ಬಿಳಿ ಉಡುಪಿನ ಕಪ್ಪು ಹುಡುಗಿ, ಕಪ್ಪು ಕನ್ನಡಕ, ಎದೆಗವಚಿದ ಪುಸ್ತಕ, ಹಿಂದೆ ಬಾಯಿ ತೆರೆದು ಅರಚುತ್ತಿರುವ ಗುಂಪು. ಅದು 1957ರ ಸೆಪ್ಟೆಂಬರ್ 4ರ ಬೆಳಿಗ್ಗೆ. ಬಿಳಿಯರದೇ ಆಗಿದ್ದ ಈ ಶಾಲೆಗೆ ಸೈನಿಕರು ಒಂಬತ್ತು ಕಪ್ಪು ಮಕ್ಕಳನ್ನು ಮೆಟ್ಟಿಲು ಹತ್ತಿಸಿದ ಸೆಪ್ಟೆಂಬರ್ 25ಕ್ಕೆ ಕಥೆ ಮುಗಿಯಿತೆಂದು ನಾವು ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ. ಇಲ್ಲಿ ನಡೆದಾಡಿದರೆ ಬೇರೆಯೇ ಅನ್ನಿಸುತ್ತದೆ. ಆ ಮೂರು ವಾರಗಳು ಈ ಶಾಲೆಯ ಬಾಗಿಲಿನ ಕಥೆ ಮಾತ್ರ. ಬಾಗಿಲ ಹಿಂದಿನ ಓಣಿಗಳಲ್ಲಿ ಉಳಿದ ಎಂಟು ತಿಂಗಳು ನಡೆದದ್ದು, ಆಮೇಲಿನ ಇಡೀ ವರ್ಷ ಬಾಗಿಲಿಗೆ ಬೀಗ ಬಿದ್ದದ್ದು, ಆ ಬೀಗವನ್ನು ತೆಗೆಸಿದವರು ಯಾರು ಎಂಬುದು, ಇವೆಲ್ಲ ಫೋಟೊದಲ್ಲಿ ಬರಲಿಲ್ಲ.

ಕಟ್ಟಡದಿಂದಲೇ ಶುರು ಮಾಡೋಣ. ಮೊದಲು ಇಲ್ಲಿದ್ದದ್ದು ವೆಸ್ಟ್ ಎಂಡ್ ಪಾರ್ಕ್. ಬೇಸ್‌ಬಾಲ್ ಮೈದಾನವೂ ಇತ್ತು. 1927ರಲ್ಲಿ 15 ಲಕ್ಷ ಡಾಲರ್ ವೆಚ್ಚದಲ್ಲಿ ಹೈಸ್ಕೂಲು ತಲೆಯೆತ್ತಿತು. ಐವರು ವಾಸ್ತುಶಿಲ್ಪಿಗಳು ಕೂಡಿ ಗಾಥಿಕ್ ಶೈಲಿಯನ್ನು ಹೊಸ ಕಾಲಕ್ಕೆ ಒಗ್ಗಿಸಿ ವಿನ್ಯಾಸ ಮಾಡಿದರು. ದೇಶದಲ್ಲೇ ಅತ್ಯಂತ ಚೆಲುವಾದ ಹೈಸ್ಕೂಲು ಎಂದು ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಹೊಗಳಿತು. ಇಷ್ಟು ದುಬಾರಿಯ ಹೈಸ್ಕೂಲು ಹಿಂದೆ ಕಟ್ಟಿದ್ದಿಲ್ಲವೆಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಮುಖ್ಯದ್ವಾರದ ಮೇಲೆ ಗ್ರೀಕ್ ದೇವತೆಗಳಂಥ ನಾಲ್ಕು ಶಿಲ್ಪಗಳಿವೆ. ಮಹತ್ವಾಕಾಂಕ್ಷೆ, ವ್ಯಕ್ತಿತ್ವ, ಅವಕಾಶ, ಸಿದ್ಧತೆ ಎಂದು ಅವುಗಳ ಹೆಸರು. ಒಳಗೆ ಎರಡು ಸಾವಿರ ಮಂದಿ ಕೂರುವ ಸಭಾಂಗಣ. ಇದಿಷ್ಟೂ ಬಿಳಿಯ ಮಕ್ಕಳಿಗೆ.

ಎರಡು ವರ್ಷದ ನಂತರ, 1929ರಲ್ಲಿ, ಇದೇ ಊರಲ್ಲಿ ಕಪ್ಪು ಮಕ್ಕಳಿಗಾಗಿ ಡನ್‌ಬಾರ್ ಹೈಸ್ಕೂಲು ತೆರೆಯಿತು. ಕವಿ ಪಾಲ್ ಲಾರೆನ್ಸ್ ಡನ್‌ಬಾರ್ ಅವರ ಹೆಸರಿನ ಶಾಲೆ. ವೆಚ್ಚ ಸುಮಾರು 4 ಲಕ್ಷ ಡಾಲರ್. ಅದರಲ್ಲೂ ಒಂದು ಭಾಗ ರೋಸೆನ್‌ವಾಲ್ಡ್ ನಿಧಿಯಂಥ ಹೊರಗಿನ ದಾನಿಗಳಿಂದ ಬರಬೇಕಾಯಿತು. ಸೆಂಟ್ರಲ್ ಕಟ್ಟಿದ ಕೆಲವು ವಾಸ್ತುಶಿಲ್ಪಿಗಳೇ ಡನ್‌ಬಾರನ್ನೂ ಕಟ್ಟಿದ್ದರಿಂದ ಎರಡು ಕಟ್ಟಡಗಳಿಗೂ ಅಣ್ಣತಮ್ಮಂದಿರ ಹೋಲಿಕೆಯಿದೆ. ಬಿಳಿಯ ಮಕ್ಕಳು ಓದಿ ಬಿಟ್ಟ, ಅಂಚಿನಲ್ಲಿ ಅವರ ಹೆಸರುಗಳೇ ಇರುವ ಪುಸ್ತಕಗಳು ತಮಗೆ ಬರುತ್ತಿದ್ದವೆಂದು ಕಪ್ಪು ಜನರ ಶಾಲೆಗಳಲ್ಲಿ ಓದಿದವರು ನೆನೆಯುತ್ತಾರೆ. ಆದರೆ ಅಲ್ಲಿನ ಮೇಷ್ಟ್ರುಗಳ ಬಗ್ಗೆ ಮಾತು ಬಂದಾಗ ಅವರದೇ ದನಿ ಹೆಮ್ಮೆಯಿಂದ ತುಂಬಿಕೊಳ್ಳುತ್ತದೆ. ಬೇರೆಡೆ ಕೆಲಸ ಸಿಗದ ಪ್ರತಿಭಾವಂತರು ಮೇಷ್ಟ್ರಾಗಿ ಅಲ್ಲಿಗೆ ಬಂದಿದ್ದರು. ಒಂಬತ್ತು ಮಕ್ಕಳು ಎಲ್ಲಿಂದಲೋ ಧೈರ್ಯ ಎರವಲು ತಂದರೆಂಬಂತೆ ನಾವು ಮಾತಾಡುತ್ತೇವೆ. ಆ ಧೈರ್ಯಕ್ಕೆ ತಳಪಾಯ ಹಾಕಿದ್ದು ಕಡಿಮೆ ಹಣದಲ್ಲಿ ನಡೆಯುತ್ತಿದ್ದ ಈ ಶಾಲೆಗಳೇ.

ಮುಖ್ಯದ್ವಾರದಿಂದ ಉತ್ತರಕ್ಕೆ ನಡೆದರೆ ಹದಿನಾಲ್ಕನೇ ರಸ್ತೆಯ ಮೂಲೆ. ಈಗ ಆ ರಸ್ತೆಗೆ ಡೇಸಿ ಗ್ಯಾಟ್ಸನ್ ಬೇಟ್ಸ್ ಅವರ ಹೆಸರು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ರಾಜ್ಯಾಧ್ಯಕ್ಷೆ ಆಕೆ. ಗಂಡ ಎಲ್.ಸಿ. ಬೇಟ್ಸ್ ಜೊತೆ 1941ರಿಂದ ‘ಆರ್ಕನ್ಸಾ ಸ್ಟೇಟ್ ಪ್ರೆಸ್’ ಎಂಬ ವಾರಪತ್ರಿಕೆ ನಡೆಸುತ್ತಿದ್ದರು. ಬಿಳಿಯರು ಜಾಹೀರಾತು ನಿಲ್ಲಿಸಿದ್ದರಿಂದ 1959ರಲ್ಲಿ ಪತ್ರಿಕೆ ಮುಚ್ಚಿಹೋಯಿತು. ಒಂಬತ್ತು ಮಕ್ಕಳು ಬೆಳಿಗ್ಗೆ ಸೇರುತ್ತಿದ್ದದ್ದು, ಸಂಜೆ ಬಂದು ಆ ದಿನ ಆದದ್ದನ್ನು ಹೇಳಿಕೊಳ್ಳುತ್ತಿದ್ದದ್ದು ಇವರ ಮನೆಯಲ್ಲಿ. ಆ ಮನೆಯ ಕಿಟಕಿಗೆ ಕಲ್ಲು ಬಿದ್ದದ್ದು ಒಂದು ಸಲವಲ್ಲ.

ಮೂಲೆಯಲ್ಲಿ ಮ್ಯಾಗ್ನೋಲಿಯಾ ಕಂಪನಿಯ ಹಳೆಯ ಬಂಕನ್ನು 1957ರಲ್ಲಿ ಇದ್ದಂತೆಯೇ ಕೆಂಪು ಬಿಳಿ ಬಣ್ಣದಲ್ಲಿ ಉಳಿಸಿಕೊಂಡಿದ್ದಾರೆ. ದೇಶದ ಎಲ್ಲೆಡೆಯಿಂದ ಬಂದ ವರದಿಗಾರರು ಸುದ್ದಿ ಮುಟ್ಟಿಸಲು ಇಲ್ಲಿನ ಫೋನಿಗೆ ಮುಗಿಬೀಳುತ್ತಿದ್ದರು. ಗುಂಪು ಕೂಡುತ್ತಿದ್ದದ್ದೂ ಈ ಮೂಲೆಯಲ್ಲೇ. 2007ರಲ್ಲಿ ಐವತ್ತನೇ ವರ್ಷಕ್ಕೆ ದೊಡ್ಡ ಮಾಹಿತಿ ಕೇಂದ್ರ ತೆರೆಯುವವರೆಗೆ ಈ ಬಂಕೇ ಮ್ಯೂಸಿಯಂ ಆಗಿತ್ತು. ಪಕ್ಕದ ತೋಟದಲ್ಲಿ ಒಂಬತ್ತು ಮರ, ಒಂಬತ್ತು ಬೆಂಚು. ಆ ಒಂಬತ್ತು ಮಂದಿಯಲ್ಲಿ ಒಬ್ಬರಾದ ಮಿನ್ನಿಜೀನ್ ಬ್ರೌನ್ ಅವರ ಮಗಳು ಹಲವು ವರ್ಷ ಇಲ್ಲಿಯೇ ರೇಂಜರ್ ಆಗಿ, ಬಂದವರಿಗೆ ತಾಯಿಯ ಕಥೆಯನ್ನು ಹೇಳುತ್ತಿದ್ದರು.

ಹಿನ್ನೆಲೆ ಹೀಗೆ. 1954ರ ಮೇ 17ರಂದು ಬ್ರೌನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬಣ್ಣ ನೋಡಿ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಾಕುವುದು ಸಂವಿಧಾನಕ್ಕೆ ವಿರುದ್ಧವೆಂದಿತು. ಲಿಟಲ್ ರಾಕ್‌ನ ಶಿಕ್ಷಣಾಧಿಕಾರಿ ವರ್ಜಿಲ್ ಬ್ಲಾಸಮ್ ಒಂದು ಯೋಜನೆ ಮಾಡಿದರು: 1957ಕ್ಕೆ ಒಂದೇ ಹೈಸ್ಕೂಲಿನಿಂದ ಆರಂಭ, ಕೆಳಗಿನ ತರಗತಿಗಳಿಗೆ ನಿಧಾನವಾಗಿ, ಬೆರಳೆಣಿಕೆಯ ಮಕ್ಕಳಿಗಷ್ಟೇ. ಆಯ್ಕೆಯಾದವರು ಹದಿನೇಳು ಮಂದಿ. ಕೊನೆಗೆ ಒಂಬತ್ತೇ ಮಂದಿ ಉಳಿದರು. ಎಲಿಜಬೆತ್ ಎಕ್‌ಫರ್ಡ್, ಅರ್ನೆಸ್ಟ್ ಗ್ರೀನ್, ಮಿನ್ನಿಜೀನ್ ಬ್ರೌನ್, ಮೆಲ್ಬಾ ಪಟಿಲ್ಲೊ, ಟೆರೆನ್ಸ್ ರಾಬರ್ಟ್ಸ್, ಜೆಫರ್ಸನ್ ಥಾಮಸ್, ಗ್ಲೋರಿಯಾ ರೇ, ಥೆಲ್ಮಾ ಮದರ್‌ಶೆಡ್, ಕಾರ್ಲೋಟಾ ವಾಲ್ಸ್. ಅವರಿಗೊಂದು ಷರತ್ತು: ಪಾಠಕ್ಕೆ ಬರಬಹುದು; ಆಟದ ತಂಡ, ಗಾಯನ, ಬ್ಯಾಂಡು, ಕೂಟಗಳಲ್ಲಿ ಸೇರುವಂತಿಲ್ಲ. ಅರ್ನೆಸ್ಟ್ ಗ್ರೀನ್ ಹಳೆಯ ಶಾಲೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಹುಡುಗ. ಅದನ್ನು ಬಿಟ್ಟು ಬಂದ. ಒಂದು ಶಾಲೆ ಮಗುವಿಗೆ ಕೊಡುವುದರಲ್ಲಿ ಅರ್ಧವನ್ನು ಬಾಗಿಲಲ್ಲೇ ಕಿತ್ತುಕೊಂಡ ಈ ಷರತ್ತನ್ನು ಓದುವಾಗ, ಗುಂಪಿನ ಕೂಗಿಗಿಂತ ಹೆಚ್ಚು ಸಂಕಟವಾಯಿತು ನನಗೆ. ಇದನ್ನು ಬರೆದವರು ಸೌಮ್ಯ ಸ್ವಭಾವದವರು, ಕಾನೂನಿಗೆ ತಲೆಬಾಗಿದವರು.

ಸೆಪ್ಟೆಂಬರ್ 2ರ ರಾತ್ರಿ ಗವರ್ನರ್ ಆರ್ವಲ್ ಫಾಬಸ್, ಗಲಭೆಯಾಗಬಹುದೆಂಬ ನೆಪದಲ್ಲಿ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನು ಶಾಲೆಯ ಸುತ್ತ ನಿಲ್ಲಿಸಿದರು. ನಾಲ್ಕರಂದು ಎಲ್ಲ ಮಕ್ಕಳೂ ಒಟ್ಟಾಗಿ ಹೋಗಬೇಕೆಂದು ಹಿಂದಿನ ರಾತ್ರಿ ಡೇಸಿ ಬೇಟ್ಸ್ ಎಲ್ಲರ ಮನೆಗೂ ಫೋನ್ ಮಾಡಿದರು. ಎಲಿಜಬೆತ್ ಮನೆಯಲ್ಲಿ ಫೋನ್ ಇರಲಿಲ್ಲ. ಹದಿನೈದರ ಹುಡುಗಿ, ತಾನೇ ಹೊಲಿದುಕೊಂಡ ಉಡುಪು ತೊಟ್ಟು ಒಬ್ಬಳೇ ಬಸ್ ಇಳಿದು ಬಂದಳು. ಈ ಮೂಲೆಯಲ್ಲಿ ಸೈನಿಕರು ಅವಳನ್ನು ಒಳಗೆ ಬಿಡಲಿಲ್ಲ. ಮುಂದಿನ ದಾರಿಯಿಂದ ಬಿಡಬಹುದೆಂದು ನಡೆದಳು. ಅಲ್ಲೂ ಬಂದೂಕು ಅಡ್ಡ ಬಂತು. ಆಮೇಲೆ ಉಳಿದದ್ದು ಹದಿನಾರನೇ ರಸ್ತೆಯ ಬಸ್ ನಿಲ್ದಾಣದವರೆಗಿನ ನಡಿಗೆ. ಸೈನಿಕರ ಸಾಲು ಒಂದು ಕಡೆ, ಬೈಗುಳದ ಗುಂಪು ಹಿಂದೆ. ‘ಆರ್ಕನ್ಸಾ ಡೆಮೊಕ್ರಾಟ್’ ಪತ್ರಿಕೆಯ ವಿಲ್ ಕೌಂಟ್ಸ್ ಫೋಟೊ ತೆಗೆದದ್ದು ಈ ದಾರಿಯಲ್ಲಿ.

ನಾನೂ ಆ ದಾರಿಯನ್ನು ನಡೆದೆ. ಆತುರವಿಲ್ಲದೆ ನಡೆದರೂ ಕೆಲವೇ ನಿಮಿಷ. ಆದರೆ ಶಾಲೆಯ ಗೋಡೆ ಬಲಕ್ಕೆ ಮುಗಿಯುವುದೇ ಇಲ್ಲ. ಕಟ್ಟಡ ಅಷ್ಟು ಉದ್ದವಾಗಿರುವುದರಿಂದಲೇ ಅವಳ ನಡಿಗೆಯೂ ಅಷ್ಟು ಉದ್ದವಾಯಿತು ಎಂಬುದು ಕಾಲಿಗೆ ತಿಳಿಯುವ ಸಂಗತಿ, ಫೋಟೊ ನೋಡಿ ತಿಳಿಯುವುದಲ್ಲ. ರಸ್ತೆಯಾಚೆಯ ಮನೆಗಳು ಅಂದಿನ ಮನೆಗಳೇ. ಹಿತ್ತಲು, ಜಗಲಿ, ಹುಲ್ಲು ಕತ್ತರಿಸಿದ ಅಂಗಳ ಇರುವ ಮಧ್ಯಮವರ್ಗದ ಮನೆಗಳು.

ಬಸ್ ನಿಲ್ದಾಣದ ಬೆಂಚಿನಲ್ಲಿ ಎಲಿಜಬೆತ್ ಕೂತಾಗ ನ್ಯೂಯಾರ್ಕ್ ಟೈಮ್ಸ್‌ನ ಬೆಂಜಮಿನ್ ಫೈನ್ ಪಕ್ಕದಲ್ಲಿ ಬಂದು ಕೂತರು. ಗ್ರೇಸ್ ಲಾರ್ಚ್ ಎಂಬ ಬಿಳಿಯ ಮಹಿಳೆ ಗುಂಪನ್ನು ಗದರಿಸಿ, ಹುಡುಗಿಯನ್ನು ಬಸ್ ಹತ್ತಿಸಿದರು. ಬಸ್ಸಿಳಿದು ಅವಳು ನೇರ ಹೋದದ್ದು ಕುರುಡ ಮತ್ತು ಕಿವುಡ ಮಕ್ಕಳ ಶಾಲೆಯ ಬಟ್ಟೆ ಒಗೆಯುವ ಕೋಣೆಗೆ. ತಾಯಿ ಅಲ್ಲಿ ಕೆಲಸಕ್ಕಿದ್ದಳು.

ಮುಂದಿನದನ್ನು ಬೇಗ ಹೇಳುತ್ತೇನೆ, ಎಲ್ಲರಿಗೂ ತಿಳಿದದ್ದು. ಕೋರ್ಟಿನ ಆದೇಶದಿಂದ ಗಾರ್ಡ್ ಪಡೆ ತೆರಳಿತು. 23ರಂದು ಮಕ್ಕಳು ಪಕ್ಕದ ಬಾಗಿಲಿಂದ ಒಳಹೊಕ್ಕರು. ಹೊರಗೆ ಸಾವಿರಕ್ಕೂ ಹೆಚ್ಚು ಜನ ನುಗ್ಗಲು ಬಂದದ್ದರಿಂದ ಮಧ್ಯಾಹ್ನದೊಳಗೆ ಪೊಲೀಸರು ಅವರನ್ನು ಹೊರಗೆ ಸಾಗಿಸಬೇಕಾಯಿತು. ಅಂದು ಮೆಂಫಿಸ್‌ನ ಕಪ್ಪು ಪತ್ರಕರ್ತ ಅಲೆಕ್ಸ್ ವಿಲ್ಸನ್ ಇದೇ ಬೀದಿಯಲ್ಲಿ ಹೊಡೆತ ತಿಂದರು. ಓಡಲಿಲ್ಲ, ಬಿದ್ದ ಟೋಪಿಯನ್ನು ಎತ್ತಿಕೊಂಡು, ಮಡಿಕೆ ಸರಿಮಾಡಿ, ನಡೆದೇ ಹೋದರು. ಅಧ್ಯಕ್ಷ ಐಸೆನ್‌ಹೋವರ್ 101ನೇ ಏರ್‌ಬೋರ್ನ್ ದಳದ ಸುಮಾರು 1,200 ಸೈನಿಕರನ್ನು ಕಳಿಸಿದರು. ಸೆಪ್ಟೆಂಬರ್ 25ರಂದು ಒಂಬತ್ತು ಮಕ್ಕಳು ಮುಖ್ಯದ್ವಾರದಿಂದಲೇ ಒಳಗೆ ಹೋದರು.

ಇಲ್ಲಿಂದ ಒಳಗೆ ಹೋಗೋಣ. ಓಣಿಗಳು ಉದ್ದವಾಗಿವೆ, ಇಕ್ಕೆಲದಲ್ಲೂ ಲಾಕರುಗಳು. ಮಹಡಿಯಿಂದ ಮಹಡಿಗೆ ಹತ್ತುವ ಮೆಟ್ಟಿಲುಗಳು ಹಲವು. ತಿರುವುಗಳಲ್ಲಿ ಬೆಳಕು ಕಡಿಮೆ. ಸುಮಾರು ಎರಡು ಸಾವಿರ ಬಿಳಿಯ ವಿದ್ಯಾರ್ಥಿಗಳ ನಡುವೆ ಒಂಬತ್ತು ಮಂದಿಯನ್ನು ಬೇರೆ ಬೇರೆ ತರಗತಿಗಳಿಗೆ ಹಂಚಿದ್ದರು. ಒಬ್ಬರಿಗೊಬ್ಬ ಸೈನಿಕ ಕಾವಲು. ಆದರೆ ಸೈನಿಕ ತರಗತಿಯೊಳಗೆ ಬರುವಂತಿಲ್ಲ, ಶೌಚಾಲಯದೊಳಗೆ ಬರುವಂತಿಲ್ಲ, ಹುಡುಗಿಯರು ಆಟದ ನಂತರ ಸ್ನಾನ ಮಾಡುವಲ್ಲಿ ಬರುವಂತಿಲ್ಲ. ಎಲ್ಲೆಲ್ಲಿ ಬರುವಂತಿಲ್ಲವೋ ಅಲ್ಲೆಲ್ಲ ಕಾಟ. ನವೆಂಬರ್ ಮುಗಿಯುವ ಹೊತ್ತಿಗೆ ಏರ್‌ಬೋರ್ನ್ ದಳವೂ ಹಿಂತಿರುಗಿತು. ಮೆಟ್ಟಿಲಿಂದ ತಳ್ಳುವುದು, ಲಾಕರ್ ಒಡೆದು ಪುಸ್ತಕ ಹಾಳುಮಾಡುವುದು, ಕುದಿವ ನೀರು ಬಿಡುವುದು ದಿನಚರಿಯಾಯಿತು. ಜೆಫರ್ಸನ್ ಥಾಮಸ್‌ಗೆ ಹಿಂದಿನಿಂದ ಹೊಡೆದಾಗ ಅವನು ಲಾಕರಿನ ಬಳಿಯೇ ಪ್ರಜ್ಞೆ ತಪ್ಪಿ ಬಿದ್ದ. ತಿರುಗಿ ಕೈಯೆತ್ತಿದರೆ ಶಾಲೆಯಿಂದ ಹೊರಗೆ; ಹಾಗಾಗಿ ಯಾರೂ ಕೈಯೆತ್ತುವಂತಿರಲಿಲ್ಲ.

ಊಟದ ಕೋಣೆಯಲ್ಲಿ ಡಿಸೆಂಬರಿನ ಒಂದು ದಿನ, ದಾರಿಗೆ ಕುರ್ಚಿ ಅಡ್ಡ ಹಾಕುತ್ತಿದ್ದ ಹುಡುಗರ ಮೇಲೆ ಮಿನ್ನಿಜೀನ್ ಕೈಯಲ್ಲಿದ್ದ ಚಿಲ್ಲಿ ಎಂಬ ಖಾದ್ಯದ ಬಟ್ಟಲು ಬಿತ್ತು. ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅಡುಗೆ ಕೆಲಸದ ಕಪ್ಪು ಹೆಂಗಸರು ಚಪ್ಪಾಳೆ ತಟ್ಟಿದರು. ಆ ಶಾಲೆಯಲ್ಲಿ ಕಪ್ಪು ಜನ ಅದಕ್ಕೂ ಮೊದಲೇ ಇದ್ದರೆಂದು ಈ ಚಪ್ಪಾಳೆ ನೆನಪಿಸುತ್ತದೆ: ಅಡುಗೆಮನೆಯಲ್ಲಿ ಇದ್ದರು, ಕಸ ಗುಡಿಸುವಲ್ಲಿ ಇದ್ದರು. ಅವರಿಗೆ ಯಾರ ಅಡ್ಡಿಯೂ ಇರಲಿಲ್ಲ. ಮಿನ್ನಿಜೀನ್‌ಳನ್ನು ಅಮಾನತು ಮಾಡಿದರು, ಫೆಬ್ರುವರಿಯಲ್ಲಿ ಶಾಲೆಯಿಂದಲೇ ತೆಗೆದರು. ಒಬ್ಬಳು ಹೋದಳು, ಇನ್ನು ಎಂಟು ಮಂದಿ ಎಂದು ಸಂಭ್ರಮಿಸುವ ಚೀಟಿಗಳು ಓಣಿಗಳಲ್ಲಿ ಹಂಚಿಕೆಯಾದವು.

ಶಾಲೆಯ ಹಿಂಬದಿಗೆ ಕ್ವಿಗ್ಲಿ ಕ್ರೀಡಾಂಗಣ. 1958ರ ಮೇ 27ರಂದು ಪದವಿ ಪ್ರದಾನ ನಡೆದದ್ದು ಇಲ್ಲಿ. ಆರುನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಅರ್ನೆಸ್ಟ್ ಗ್ರೀನ್ ಒಬ್ಬನೇ ಕಪ್ಪು ಹುಡುಗ. ಮನೆಯವರ ಸಾಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೂತಿದ್ದರು; ಹೆಚ್ಚಿನವರಿಗೆ ಗುರುತು ಹತ್ತಲಿಲ್ಲ. ಪ್ರತಿ ಹೆಸರಿಗೂ ಚಪ್ಪಾಳೆ ಬರುತ್ತಿದ್ದದ್ದು ಅರ್ನೆಸ್ಟ್ ಹೆಸರು ಕರೆದಾಗ ನಿಂತಿತು. ಅವನು ನಡೆದು ಹೋಗಿ ಪ್ರಮಾಣಪತ್ರ ತೆಗೆದುಕೊಂಡ. ಮುಂದೆ ಕಾರ್ಟರ್ ಅಧ್ಯಕ್ಷರಾಗಿದ್ದಾಗ ಕಾರ್ಮಿಕ ಇಲಾಖೆಯಲ್ಲಿ ಸಹಾಯಕ ಕಾರ್ಯದರ್ಶಿಯಾದ.

ಇಲ್ಲಿಗೆ ಕೈಪಿಡಿಗಳು ಪುಟ ಮಗುಚುತ್ತವೆ. ನಾನು ಇಲ್ಲೇ ಸ್ವಲ್ಪ ನಿಲ್ಲಬೇಕೆಂದು ಬಂದವನು. 1958ರ ಫೆಬ್ರುವರಿಯಲ್ಲಿ ಶಿಕ್ಷಣ ಮಂಡಳಿಯೇ ಕೋರ್ಟಿಗೆ ಹೋಗಿ, ಗಲಾಟೆ ಜಾಸ್ತಿಯಾಗಿದೆ, ಎರಡೂವರೆ ವರ್ಷ ಮುಂದೂಡಿ ಎಂದಿತು. ಕೆಳಗಿನ ನ್ಯಾಯಾಲಯ ಒಪ್ಪಿತು. ಸೆಪ್ಟೆಂಬರ್ 12ರಂದು ಕೂಪರ್ ವಿರುದ್ಧ ಆರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು; ಒಂಬತ್ತೂ ನ್ಯಾಯಮೂರ್ತಿಗಳು ಒಬ್ಬೊಬ್ಬರಾಗಿ ಹೆಸರು ಹಾಕಿದ ವಿವರವಾದ ತೀರ್ಪು 29ರಂದು ಬಂತು. ಯಾರೋ ಗಲಭೆ ಎಬ್ಬಿಸುತ್ತಾರೆಂದು ಮಕ್ಕಳ ಹಕ್ಕನ್ನು ತಡೆಹಿಡಿಯಲಾಗದು ಎಂಬುದು ತೀರ್ಪಿನ ತಿರುಳು.

ಈ ತೀರ್ಪಿನ ಫಲಕದ ಎದುರು ನನಗೆ ನೆನಪಾದದ್ದು ಧಾರವಾಡ. 1856ರ ಜೂನ್‌ನಲ್ಲಿ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ್ ಹುಡುಗ ಅರ್ಜಿ ಕೊಟ್ಟ. ಬಾಗಿಲು ತೆರೆಯಲಿಲ್ಲ. ನ್ಯಾಯ ಹುಡುಗನ ಕಡೆಗಿದೆ, ಆದರೆ ಒಬ್ಬನಿಗಾಗಿ ಉಳಿದವರ ಓದು ಕೆಡಬಾರದು ಎಂಬ ಧಾಟಿಯಲ್ಲಿ ಬೊಂಬಾಯಿ ಸರ್ಕಾರ ಅರ್ಜಿಯನ್ನು ಬದಿಗಿಟ್ಟಿತು. ಸರ್ಕಾರಿ ಶಾಲೆಗಳು ಎಲ್ಲರಿಗೂ ತೆರೆದಿರಬೇಕೆಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1858ರಲ್ಲಿ ಲಂಡನ್ನಿನಿಂದ ಬರೆದರೂ ಊರು ಬದಲಾಗಲು ಎಷ್ಟು ಕಾಲ ಹಿಡಿಯಿತೆಂಬುದು ನಮಗೆಲ್ಲ ಗೊತ್ತಿದೆ. ಸೈಮನ್ ಆಯೋಗಕ್ಕೆ 1928ರಲ್ಲಿ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರ್ ಈ ಪ್ರಕರಣವನ್ನು ಎತ್ತಿ ಹೇಳಿದ್ದಾರೆ. ನೂರು ವರ್ಷ, ಎರಡು ಖಂಡ. ಬಾಗಿಲು ಮುಚ್ಚಲು ಕೊಟ್ಟ ಕಾರಣ ಮಾತ್ರ ಒಂದೇ. ಎಲ್ಲ ಕಡೆಯೂ ಶಾಂತಿಯ ಹೊರೆ ಬಿದ್ದದ್ದು ಹೊರಗೆ ನಿಂತ ಮಗುವಿನ ತಲೆಗೆ.

ಲಿಟಲ್ ರಾಕ್‌ನಲ್ಲಿ ಸೆಪ್ಟೆಂಬರ್ 12ರಂದೇ ಫಾಬಸ್ ಹೊಸ ಕಾನೂನಿಗೆ ಸಹಿ ಹಾಕಿ ಊರಿನ ನಾಲ್ಕೂ ಸರ್ಕಾರಿ ಹೈಸ್ಕೂಲುಗಳನ್ನು ಮುಚ್ಚಿಸಿದರು. ಸೆಂಟ್ರಲ್, ಹಾಲ್, ಟೆಕ್ನಿಕಲ್, ಮತ್ತು ಕಪ್ಪು ಮಕ್ಕಳ ಹೊರೇಸ್ ಮ್ಯಾನ್. ಸೆಪ್ಟೆಂಬರ್ 27ರಂದು ಜನಮತ ನಡೆಯಿತು: ಮಕ್ಕಳು ಕೂಡಿ ಓದುವುದಕ್ಕೆ ವಿರುದ್ಧ 19,470, ಪರವಾಗಿ 7,561. ಶಾಲೆಗಳು ಮುಚ್ಚಿದ್ದ ಆ ವರ್ಷಕ್ಕೆ ಇಂಗ್ಲಿಷ್ ಬೋರ್ಡುಗಳಲ್ಲಿ ‘ಕಳೆದುಹೋದ ವರ್ಷ’ ಎಂಬರ್ಥದ ಹೆಸರಿದೆ. 3,665 ಮಕ್ಕಳ ವರ್ಷ. ಮೇಷ್ಟ್ರುಗಳಿಗೆ ಕರಾರು ಇದ್ದದ್ದರಿಂದ ದಿನವೂ ಬಂದು ಖಾಲಿ ತರಗತಿಯಲ್ಲಿ ಕೂತು ಹೋಗಬೇಕಿತ್ತು. ಸ್ವಲ್ಪ ದಿನ ಟಿವಿಯಲ್ಲಿ ಪಾಠ ಬಿತ್ತರಿಸಿದರು. ಶಾಲೆ ಮುಚ್ಚಿದ್ದರೂ ಸೆಂಟ್ರಲ್‌ನ ಫುಟ್‌ಬಾಲ್ ತಂಡ ಮಾತ್ರ ಪಂದ್ಯಗಳನ್ನು ಆಡುತ್ತಲೇ ಇತ್ತು. ಬಿಳಿಯ ಮಕ್ಕಳು ಖಾಸಗಿ ಶಾಲೆಗೋ ನೆಂಟರ ಊರಿಗೋ ಹೋದರು. ಕಪ್ಪು ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆ ವರ್ಷ ಯಾವ ಶಾಲೆಯೂ ಇರಲಿಲ್ಲ. ದುಡಿಮೆಗೆ ಹೋದವರು, ಮದುವೆಯಾದವರು, ಸೈನ್ಯ ಸೇರಿದವರು ಹಲವರು ಮರಳಿ ತರಗತಿಗೆ ಬರಲೇ ಇಲ್ಲ. ಅವರ ಹೆಸರಿನಲ್ಲಿ ಬೆಂಚುಗಳಿಲ್ಲ, ಮರಗಳಿಲ್ಲ. ನನ್ನ ಮಟ್ಟಿಗೆ ಈ ಶಾಲೆಯ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ನಷ್ಟ ಇದೇ.

ಬೀಗ ತೆಗೆಸಲು ಈ ಸಲ ಸೈನ್ಯ ಬರಲಿಲ್ಲ. 1958ರ ಸೆಪ್ಟೆಂಬರಿನಲ್ಲೇ ಆಡಲ್ಫೀನ್ ಫ್ಲೆಚರ್ ಟೆರಿ ಎಂಬ ಎಪ್ಪತ್ತೈದು ದಾಟಿದ ಮಹಿಳೆ ತಮ್ಮ ಮನೆಗೆ ಐವತ್ತೆಂಟು ಹೆಂಗಸರನ್ನು ಕರೆದರು. ಶಾಲೆ ತೆರೆಸುವ ಮಹಿಳೆಯರ ತುರ್ತು ಸಮಿತಿ ಹುಟ್ಟಿತು. ಗಂಡಂದಿರ ವ್ಯಾಪಾರಕ್ಕೆ ಪೆಟ್ಟು ಬೀಳಬಾರದೆಂದು ಸದಸ್ಯೆಯರ ಪಟ್ಟಿಯನ್ನು ಗುಟ್ಟಾಗಿಟ್ಟು, ಮನೆಮನೆಗೆ ಫೋನ್ ಮಾಡಿ, ಪತ್ರ ಬರೆದು, ಮತದಾರರ ಪಟ್ಟಿ ಹಿಡಿದು ಕೆಲಸ ಮಾಡಿದರು. ಕಪ್ಪು ಮಹಿಳೆಯರನ್ನು ಅವರು ಸೇರಿಸಿಕೊಳ್ಳಲಿಲ್ಲ. ಸೇರಿಸಿದರೆ ಬಿಳಿಯರ ಮತ ಸಿಗದೆಂಬ ಲೆಕ್ಕಾಚಾರ. ಈ ಕೊರತೆಯನ್ನು ಮುಚ್ಚಿಡಬೇಕಿಲ್ಲ, ಅದಕ್ಕಾಗಿ ಅವರ ಕೆಲಸವನ್ನು ಮರೆಯಬೇಕಾಗಿಯೂ ಇಲ್ಲ. ಟೆರಿಯವರ ಮನೆಯ ಕಿಟಕಿ ಗಾಜುಗಳ ಮೇಲೆ 1998ರಲ್ಲಿ ಆ ಎಲ್ಲರ ಹೆಸರುಗಳನ್ನು ಕೆತ್ತಿದರು. ಗುಟ್ಟಾಗಿದ್ದ ಪಟ್ಟಿಯನ್ನು ನಲವತ್ತು ವರ್ಷದ ನಂತರ ಯಾರು ಬೇಕಾದರೂ ಓದಬಹುದು.

1959ರ ಮೇ 5ರಂದು ಶಿಕ್ಷಣ ಮಂಡಳಿಯ ಮೂವರು ಸದಸ್ಯರು, ಉಳಿದ ಮೂವರು ಎದ್ದುಹೋದ ಸಭೆಯಲ್ಲಿ, 44 ಮಂದಿ ಶಿಕ್ಷಕರು ಮತ್ತು ಸಿಬ್ಬಂದಿಯನ್ನು ಕೆಲಸದಿಂದ ತೆಗೆದರು. ಕೂಡಿ ಓದುವುದಕ್ಕೆ ಒಲವು ತೋರಿದರೆಂಬ ಶಂಕೆಯೇ ಅಪರಾಧ. ಊರು ಎಚ್ಚೆತ್ತದ್ದು ಆಗ. ತಮ್ಮ ಮಕ್ಕಳಿಗೆ ಬೀಜಗಣಿತ ಕಲಿಸಿದ ಮೇಷ್ಟ್ರನ್ನು ಹೊರಹಾಕಿದ್ದು, ಕಪ್ಪು ಮಕ್ಕಳ ವಿಷಯದಲ್ಲಿ ಸುಮ್ಮನಿದ್ದವರನ್ನೂ ಕೆರಳಿಸಿತು. ವ್ಯಾಪಾರಿಗಳು, ಮಹಿಳಾ ಸಮಿತಿ, ಕಪ್ಪು ಮತದಾರರು ಕೂಡಿದಾಗ ಮೇ 25ರ ಮತದಾನದಲ್ಲಿ ಆ ಮೂವರು ಸ್ಥಾನ ಕಳೆದುಕೊಂಡರು. ಜೂನ್‌ನಲ್ಲಿ ಕೋರ್ಟು ಶಾಲೆ ಮುಚ್ಚುವ ಕಾನೂನನ್ನೇ ರದ್ದುಮಾಡಿತು. ಆಗಸ್ಟ್ 12ರಂದು ಶಾಲೆಗಳು ತೆರೆದವು. ಜೆಫರ್ಸನ್ ಥಾಮಸ್ ಮತ್ತು ಕಾರ್ಲೋಟಾ ವಾಲ್ಸ್ ಮತ್ತೆ ಸೆಂಟ್ರಲ್‌ಗೆ ಬಂದು 1960ರಲ್ಲಿ ಪದವಿ ಪಡೆದರು. ಅದೇ ವರ್ಷದ ಫೆಬ್ರುವರಿಯಲ್ಲಿ ಕಾರ್ಲೋಟಾ ಮನೆಗೆ ಬಾಂಬು ಬಿದ್ದಿತ್ತು. ಮನೆಯವರಿಗೆ ಗಾಯವಾಗಲಿಲ್ಲ, ಮರುದಿನವೂ ಅವಳು ಶಾಲೆ ತಪ್ಪಿಸಲಿಲ್ಲ.

1997ರಲ್ಲಿ, ನಲವತ್ತು ವರ್ಷದ ಮೇಲೆ, ಇದೇ ಮುಖ್ಯದ್ವಾರವನ್ನು ಅಧ್ಯಕ್ಷ ಕ್ಲಿಂಟನ್ ಮತ್ತು ಗವರ್ನರ್ ಮೈಕ್ ಹಕಬಿ ತೆರೆದು ಹಿಡಿದರು, ಒಂಬತ್ತೂ ಮಂದಿ ನಡೆದು ಒಳಹೋದರು. ಹಕಬಿಯವರ ಮಗಳು ಸಾರಾ ಇದೇ ಶಾಲೆಯಲ್ಲಿ ಓದಿದವರು, ಈಗ ಅದೇ ರಾಜ್ಯದ ಗವರ್ನರ್. ಅವರ ಆಡಳಿತದ ಮೊದಲ ವರ್ಷ, 2023ರ ಆಗಸ್ಟ್‌ನಲ್ಲಿ, ಆಫ್ರಿಕನ್ ಅಮೆರಿಕನ್ ಅಧ್ಯಯನವೆಂಬ ಹೊಸ ಪಠ್ಯಕ್ರಮಕ್ಕೆ ರಾಜ್ಯದ ಶಿಕ್ಷಣ ಇಲಾಖೆ ಅಂಕದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಆ ಪಠ್ಯವನ್ನು ಪ್ರಯೋಗಕ್ಕೆ ಆರಿಸಿಕೊಂಡ ಶಾಲೆಗಳಲ್ಲಿ ಸೆಂಟ್ರಲ್ ಒಂದು. ಮಾನ್ಯತೆ ಇರಲಿ ಬಿಡಲಿ, ಪಾಠ ನಡೆಯುತ್ತದೆ ಎಂದಿತು ನಗರದ ಶಿಕ್ಷಣ ಮಂಡಳಿ. 1958ರಲ್ಲಿ ಮುಂದೂಡಿ ಎಂದು ಕೋರ್ಟಿಗೆ ಹೋಗಿದ್ದ ಅದೇ ಮಂಡಳಿ ಎಂಬುದನ್ನು ನಾನು ಸಂತೋಷದಿಂದ ಬರೆಯುತ್ತೇನೆ.

ಶಾಲೆಯ ಮಕ್ಕಳೂ ಚರಿತ್ರೆಯನ್ನು ರೇಂಜರುಗಳಿಗೆ ಬಿಟ್ಟು ಕೈಕಟ್ಟಿ ಕೂತಿಲ್ಲ. ಒಂಬತ್ತನೇ ತರಗತಿಯವರು ತಮ್ಮ ಮನೆಯ ಹಿರಿಯರೊಬ್ಬರನ್ನು ಕೂರಿಸಿ, ಹಕ್ಕಿಗಾಗಿ ಅವರು ಪಟ್ಟ ಪಾಡನ್ನು ಕೇಳಿ ಬರೆಯುತ್ತಾರೆ. ಹಾಗೆ ಬರೆದವು ಸಂಕಲನಗಳಾಗಿ ಬಂದಿವೆ. ಇಲ್ಲಿ ಈಗ ಕಪ್ಪು ಮಕ್ಕಳೇ ಹೆಚ್ಚು. ಜೊತೆಗೆ ಬೇರೆ ದೇಶಗಳಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ, ಹಾಗಾಗಿ ಹಿರಿಯರ ನೆನಪುಗಳು ಆರ್ಕನ್ಸಾ ಗಡಿಯನ್ನು ದಾಟುತ್ತವೆ. ಹದಿನಾರನೇ ರಸ್ತೆಯ ಮೂಲೆಯಲ್ಲಿ 2018ರಲ್ಲಿ ವಿದ್ಯಾರ್ಥಿಗಳೇ ಮುಂದೆ ನಿಂತು ಎಲಿಜಬೆತ್ ಕೂತಿದ್ದ ಬಸ್ ನಿಲ್ದಾಣದ ಬೆಂಚಿನ ಪ್ರತಿಕೃತಿ ಮಾಡಿಸಿದರು. ಎಲಿಜಬೆತ್ ಎಕ್‌ಫರ್ಡ್ ಸೈನ್ಯದಲ್ಲಿ ದುಡಿದು, ಊರಿಗೆ ಮರಳಿ, ಪ್ರೊಬೇಷನ್ ಅಧಿಕಾರಿಯಾಗಿ ಕೆಲಸ ಮಾಡಿದವರು. ವರ್ಷಗಟ್ಟಲೆ ಆ ಬೆಳಗಿನ ಬಗ್ಗೆ ಮಾತಾಡಲಾಗದೆ ಇದ್ದವರು, ಆಮೇಲೆ ಮಾತಾಡಲು ಕಲಿತರು, ಅದೂ ಹೆಚ್ಚಾಗಿ ಶಾಲಾ ಮಕ್ಕಳ ಮುಂದೆ. ಆ ಫೋಟೊದಲ್ಲಿ ಅವರ ಹಿಂದೆ ಅರಚಿದ್ದ ಹುಡುಗಿ ಆಮೇಲೆ ಫೋನ್ ಮಾಡಿ ಕ್ಷಮೆ ಕೇಳಿದ್ದಳು. 1997ರ ಸುಮಾರಿಗೆ ಇಬ್ಬರೂ ಸ್ವಲ್ಪ ಕಾಲ ಗೆಳತಿಯರಾದರು, ಮತ್ತೆ ದೂರವಾದರು. ನಡೆದದ್ದನ್ನು ಪೂರ್ತಿಯಾಗಿ ಒಪ್ಪಿಕೊಳ್ಳದೆ ರಾಜಿಯಿಲ್ಲ ಎಂಬುದು ಎಲಿಜಬೆತ್ ಅವರ ನಿಲುವು. ಇಬ್ಬರೂ ನಗುತ್ತ ನಿಂತ ಪೋಸ್ಟರು ಮಾಹಿತಿ ಕೇಂದ್ರದಲ್ಲಿ ಮಾರಾಟಕ್ಕಿದ್ದಾಗ, ಅದರ ಮೇಲೆ ಈ ಅರ್ಥದ ಚೀಟಿಯೊಂದನ್ನು ಅಂಟಿಸಬೇಕೆಂದು ಅವರು ಹಟ ಹಿಡಿದರು, ಅಂಟಿಸಿದರು ಕೂಡ.